ಗೈಡಿನ ಪಕ್ಕದ ಪುಸ್ತಕಗಳು

ವಿಜಯಪುರದಲ್ಲಿ ಪುಸ್ತಕದ ಅಂಗಡಿಯ ಮೆಟ್ಟಿಲು ಹತ್ತಿ ನಿಂತರೆ ಮೊದಲು ಕೇಳಿಸುವ ಪ್ರಶ್ನೆ ‘ಯಾವ ಪುಸ್ತಕ ಬೇಕು?’ ಎಂದಲ್ಲ, ‘ಯಾವ ಪರೀಕ್ಷೆಗೆ?’ ಎಂದು. ನವೋದಯ, ಸೈನಿಕ ಶಾಲೆ, ಪೊಲೀಸ್ ಪೇದೆ, ಪಿಎಸ್‌ಐ, ಎಫ್‌ಡಿಎ, ಟಿಇಟಿ, ಕೆಎಎಸ್ ಎಂದು ಒಂದು ಹೆಸರು ಹೇಳಿದರೆ ಸಾಕು, ದಪ್ಪನೆಯ ಗೈಡು ಮೇಜಿನ ಮೇಲೆ ಬಂದು ಬೀಳುತ್ತದೆ. ಅಂಗಡಿಯವರನ್ನು ದೂರುವಂತಿಲ್ಲ. ಊರಿನ ತುಂಬ ತರಬೇತಿ ಕೇಂದ್ರಗಳಿವೆ. ಸುತ್ತಲಿನ ತಾಲ್ಲೂಕುಗಳಿಂದ ಹುಡುಗ ಹುಡುಗಿಯರು ಬಂದು ಕೋಣೆ ಹಿಡಿದು ಓದುತ್ತಾರೆ. ಒಣಬೇಸಾಯದ ಮನೆತನಗಳಿಗೆ ಸರ್ಕಾರಿ ನೌಕರಿಯೆಂದರೆ ಮಳೆಯ ಹಂಗಿಲ್ಲದ ಬೆಳೆ. ಹೀಗಾಗಿ ಅನೇಕ ಮನೆಗಳಲ್ಲಿ ಪುಸ್ತಕವೆಂದರೆ ಗೈಡು, ಓದು ಎಂದರೆ ಬಾಯಿಪಾಠ, ಉಳಿದದ್ದೆಲ್ಲ ಹೊತ್ತುಗಳೆಯುವ ಬಾಬತ್ತು.

ನನ್ನ ತಕರಾರು ಗೈಡಿನ ಮೇಲಲ್ಲ. ಗೈಡೊಂದೇ ಇರುವ ಮನೆಯಲ್ಲಿ ಗೈಡಿನಿಂದಲೂ ಪೂರ್ತಿ ಪ್ರಯೋಜನ ಆಗುವುದಿಲ್ಲ ಎಂಬುದಷ್ಟೇ ನನ್ನ ವಾದ. ಕಥೆ, ಚಿತ್ರಪುಸ್ತಕ, ಜೀವನಚರಿತ್ರೆ, ಕೃಷಿ ಕೈಪಿಡಿ, ನಾಟಕ, ಪತ್ತೇದಾರಿ ಕಾದಂಬರಿ ಇವೆಲ್ಲ ಓದುಗನಿಂದ ಬೇರೆ ಬೇರೆ ಕೆಲಸ ಮಾಡಿಸಿಕೊಳ್ಳುತ್ತವೆ. ಆ ಕೆಲಸಗಳ ರೂಢಿ ಇಲ್ಲದವರಿಗೆ ಗೈಡಿನ ಸಾಲುಗಳು ಕಣ್ಣಿಗೆ ಬಿದ್ದು ಹಾಗೆಯೇ ಜಾರಿಹೋಗುತ್ತವೆ.

ನವೋದಯ ಪ್ರವೇಶ ಪರೀಕ್ಷೆಯನ್ನೇ ನೋಡಿ. ಆರನೇ ತರಗತಿಯ ಪ್ರವೇಶಕ್ಕೆ ಎರಡು ಗಂಟೆಯಲ್ಲಿ 80 ಪ್ರಶ್ನೆ. ಅವುಗಳಲ್ಲಿ 20 ಭಾಷೆಯವು: ನಾಲ್ಕು ಗದ್ಯಭಾಗ, ಒಂದೊಂದರ ಕೆಳಗೆ ಐದೈದು ಪ್ರಶ್ನೆ. ಆ ಗದ್ಯಭಾಗಗಳನ್ನು ಮಗು ಹಿಂದೆ ಎಲ್ಲೂ ಓದಿರುವುದಿಲ್ಲ, ಓದಿರಬಾರದು ಎಂದೇ ಹಾಗೆ ಕೊಡುತ್ತಾರೆ. ಲೆಕ್ಕದ ಪ್ರಶ್ನೆಗಳೂ ಎಷ್ಟೋ ಸಲ ವಾಕ್ಯಗಳಲ್ಲೇ ಇರುತ್ತವೆ, ವಾಕ್ಯ ತಿಳಿಯದೆ ಲೆಕ್ಕ ಬಿಡಿಸಲಾಗದು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಎಷ್ಟು ಬಾರಿ ತಿರುವಿದರೂ ಗೊತ್ತಿಲ್ಲದ ಪುಟವೊಂದನ್ನು ಮೊದಲ ಓದಿನಲ್ಲೇ ಹಿಡಿಯುವ ಶಕ್ತಿ ಅಲ್ಲಿಂದ ಬರುವುದಿಲ್ಲ. ಕೆಎಎಸ್ ಮುಖ್ಯ ಪರೀಕ್ಷೆಯ ಪ್ರಬಂಧ ಪತ್ರಿಕೆಯ ಕಥೆಯೂ ಇದೇ. ಆ ಶಕ್ತಿ ಬೆಳೆಯುವುದು ಎಲ್ಲಿ?

ಓದನ್ನು ಅಧ್ಯಯನ ಮಾಡಿದ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬಿಬ್ಬರು 1986ರಲ್ಲಿ ಒಂದು ಸರಳ ಸೂತ್ರ ಮುಂದಿಟ್ಟರು. ಓದಿ ತಿಳಿಯುವ ಶಕ್ತಿ ಎಂದರೆ ಅಕ್ಷರ ಬಿಡಿಸುವ ಶಕ್ತಿ ಮತ್ತು ಭಾಷೆ ಅರ್ಥಮಾಡಿಕೊಳ್ಳುವ ಶಕ್ತಿ, ಈ ಎರಡರ ಗುಣಲಬ್ಧ. ಮೊತ್ತವಲ್ಲ, ಗುಣಲಬ್ಧ ಎಂಬುದನ್ನು ಗಮನಿಸಬೇಕು. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಉತ್ತರ ಸೊನ್ನೆಯೇ. ಸರಾಗವಾಗಿ ಗಟ್ಟಿಯಾಗಿ ಓದುವ ಮಗು ಓದಿದ್ದೇನೆಂದು ಕೇಳಿದರೆ ಮುಖ ನೋಡುವುದು ಇದೇ ಕಾರಣಕ್ಕೆ. ಕತೆ ಕೇಳಿ ಪಟಪಟನೆ ಉತ್ತರ ಕೊಡುವ ಮಗು ಪುಸ್ತಕ ಕೊಟ್ಟಾಗ ತಡವರಿಸುವುದೂ ಅದೇ ಕಾರಣಕ್ಕೆ. ಮೊದಲನೆಯ ಮಗುವಿಗೆ ಇನ್ನಷ್ಟು ಕಾಪಿ ಬರೆಸುವುದು, ಎರಡನೆಯ ಮಗುವಿಗೆ ಇನ್ನಷ್ಟು ಬುದ್ಧಿ ಹೇಳುವುದು, ಎರಡೂ ವ್ಯರ್ಥ.

ಅಕ್ಷರ ಬಿಡಿಸುವ ಕೆಲಸ ಕನ್ನಡದಲ್ಲಿ ನಾವು ಅಂದುಕೊಂಡಷ್ಟು ಬೇಗ ಮುಗಿಯುವುದಿಲ್ಲ. 34 ವ್ಯಂಜನಗಳಿಗೆ 13 ಸ್ವರ ಕೂಡಿಸಿದರೆ ಕಾಗುಣಿತದ ರೂಪಗಳೇ 442. ಮೇಲೆ ಒತ್ತಕ್ಷರಗಳು. ಒಂದನೇ ತರಗತಿಯಲ್ಲಿ ಕಾಗುಣಿತ ಮುಗಿಸಿದೆವು ಎಂದು ಶಾಲೆ ಹೇಳಿದರೂ ಮಗುವಿನ ಕಣ್ಣಿಗೆ ಅವು ಸಲೀಸಾಗಲು ವರ್ಷಗಳು ಬೇಕು. ಆ ವರ್ಷಗಳಲ್ಲಿ ಬೇಕಾದದ್ದು ಒಂದೇ ಅಕ್ಷರ ಹತ್ತಾರು ಕಡೆ, ಹತ್ತಾರು ಪದಗಳಲ್ಲಿ, ಬೇಸರವಾಗದಂತೆ ಎದುರಾಗುವುದು. ಪುಟಕ್ಕೆರಡು ಸಾಲು ಇರುವ, ಅದೇ ಮಾತು ಮರಳಿ ಮರಳಿ ಬರುವ ಚಿತ್ರಪುಸ್ತಕಗಳ ಉಪಯೋಗ ಇಲ್ಲಿಯೇ. ದೊಡ್ಡವರಿಗೆ ಅವು ಹುಡುಗಾಟಿಕೆಯಂತೆ ಕಾಣುತ್ತವೆ. ‘ಇಷ್ಟೇ ಇಷ್ಟು ಸಾಲಿಗೆ ಇಷ್ಟು ದುಡ್ಡೇ?’ ಎಂದು ಅಂಗಡಿಯಲ್ಲಿ ತಿರುಗಿಸಿ ಇಟ್ಟುಬಿಡುತ್ತೇವೆ. ಆದರೆ ಆರು ವರ್ಷದ ಮಗು ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಕೇಳುವುದು ಹಟಕ್ಕಲ್ಲ. ಮೊದಲು ಚಿತ್ರ ನೋಡಿ ಊಹಿಸುತ್ತದೆ, ಆಮೇಲೆ ನೆನಪಿನಿಂದ ಹೇಳುತ್ತದೆ, ಕೊನೆಗೆ ಬೆರಳಿಟ್ಟು ಓದುತ್ತದೆ. ನಡುವಿನ ಆ ‘ಸುಳ್ಳು ಓದ’ನ್ನು ಬೈದು ನಿಲ್ಲಿಸಬಾರದು.

ಭಾಷೆ ಅರ್ಥಮಾಡಿಕೊಳ್ಳುವ ಕಡೆಗೆ ಬಂದರೆ ನಮ್ಮ ಭಾಗದ್ದೊಂದು ವಿಶೇಷ ಕಷ್ಟವಿದೆ. ಇಲ್ಲಿನ ಮಗು ಮನೆಯಲ್ಲಿ ಆಡುವ ಕನ್ನಡಕ್ಕೂ ಪಾಠದ ಕನ್ನಡಕ್ಕೂ ಕ್ರಿಯಾಪದದ ಕೊನೆಯೇ ಬೇರೆ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ, ವಿಜಯಪುರದ ಎಷ್ಟೋ ಓಣಿಗಳ ಮಕ್ಕಳು ದಖನಿ ಉರ್ದು ಆಡುತ್ತಾರೆ, ಬೆಳಗಾವಿಯ ಗಡಿಯಲ್ಲಿ ಮರಾಠಿ. ಇವರ ಪಾಲಿಗೆ ಪುಸ್ತಕದ ಕನ್ನಡವನ್ನು ಆಡುವ ಮನುಷ್ಯರು ಸುತ್ತಮುತ್ತ ಹೆಚ್ಚಿಗೆ ಇಲ್ಲ. ಆ ಭಾಷೆ ಬದುಕಿರುವುದು ಮುದ್ರಿತ ಪುಟದಲ್ಲಿ. ಹಾಗಿದ್ದ ಮೇಲೆ ಪುಟಗಳನ್ನು ಕಡಿಮೆ ಮಾಡಿದರೆ ಭಾಷೆಯನ್ನೇ ಕಡಿಮೆ ಮಾಡಿದಂತೆ. ಇಂಗ್ಲಿಷಿನ ಮಟ್ಟಿಗೆ ಇದನ್ನು ಎಣಿಸಿ ನೋಡಿದವರಿದ್ದಾರೆ. ಅಮೆರಿಕದಲ್ಲಿ 1988ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಪದವೀಧರರು ತಮ್ಮತಮ್ಮಲ್ಲಿ ಆಡುವ ಮಾತಿನಲ್ಲಿ ಸಾವಿರ ಪದಕ್ಕೆ ಸುಮಾರು 17 ಅಪರೂಪದ ಪದ ಬಂದರೆ, ಮಕ್ಕಳ ಪುಸ್ತಕದಲ್ಲಿ ಸುಮಾರು 31. ಓದಿದವರ ಹರಟೆಗಿಂತ ಮಕ್ಕಳ ಪುಸ್ತಕದ ಪದಸಂಪತ್ತೇ ದೊಡ್ಡದು. ಮಾತಿಗೂ ಬರಹಕ್ಕೂ ಇಷ್ಟು ದೂರವಿರುವ ಕನ್ನಡದಲ್ಲಿ ಈ ಅಂತರ ಕಡಿಮೆಯಿರಲು ಕಾರಣವಿಲ್ಲ.

ಪದ ಗೊತ್ತಿದ್ದರೂ ಸಾಲದು, ವಿಷಯ ಗೊತ್ತಿರಬೇಕು. ಅದೇ 1988ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು 64 ಮಕ್ಕಳಿಗೆ ಬೇಸ್‌ಬಾಲ್ ಆಟದ ಒಂದು ಭಾಗದ ವರ್ಣನೆ ಓದಲು ಕೊಟ್ಟರು. ಮುಂದೆ ಆಟದ ಮೈದಾನದ ಒಂದು ಮಾದರಿ, ಮೇಲೆ ಮರದ ಆಟಗಾರರು. ಓದಿದ್ದನ್ನು ಮಕ್ಕಳು ಗೊಂಬೆ ಸರಿಸಿ ತೋರಿಸಬೇಕು, ಆಮೇಲೆ ಬಾಯಿಮಾತಿನಲ್ಲಿ ಹೇಳಬೇಕು. ಓದಿನ ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದಿದ್ದರೂ ಆಟ ಬಲ್ಲ ಮಕ್ಕಳು, ಹೆಚ್ಚು ಅಂಕ ಪಡೆದು ಆಟ ತಿಳಿಯದ ಮಕ್ಕಳನ್ನು ಬಹಳ ಹಿಂದೆ ಹಾಕಿದರು. ಇದೇ ಪ್ರಯೋಗವನ್ನು ಕುಸ್ತಿಯ ಮೇಲೆ ಮುಧೋಳದ ಕಡೆ ಮಾಡಿದರೆ ಗರಡಿಗೆ ಹೋಗುವ ಹುಡುಗ ತರಗತಿಯ ಮೊದಲ ಸಾಲಿನವನನ್ನು ಚಿತ್ ಮಾಡುತ್ತಾನೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಓದುವ ಶಕ್ತಿ ಎಂಬುದು ತಲೆಯಲ್ಲಿರುವ ಒಂದು ಪ್ರತ್ಯೇಕ ಯಂತ್ರವಲ್ಲ, ಅದರ ಬಹುಭಾಗ ಈಗಾಗಲೇ ತಿಳಿದಿರುವ ಸಂಗತಿಗಳೇ. ಗ್ರಹಗಳ ಪುಸ್ತಕ, ಹಕ್ಕಿಗಳ ಪುಸ್ತಕ, ದೇಶಗಳ ಪುಸ್ತಕ, ಗೋಳಗುಮ್ಮಟದ ಗುಮ್ಮಟ ಹೇಗೆ ನಿಂತಿದೆ ಎಂದು ಹೇಳುವ ಪುಸ್ತಕ, ಇವು ಯಾವ ಪರೀಕ್ಷೆಯ ಪಠ್ಯದಲ್ಲೂ ಇಲ್ಲದಿರಬಹುದು. ನಾಳೆ ಎದುರಾಗುವ ಅಪರಿಚಿತ ಪುಟವನ್ನು ಪರಿಚಿತ ಮಾಡುವುದು ಅವೇ.

ಮನೆಯಲ್ಲಿ ಇದನ್ನು ಹೇಗೆ ಮಾಡುವುದು ಎಂದು ಕೇಳುವವರಿಗೆ ನಾನು ತೋರಿಸುವುದು ಶ್ರಾವಣದ ಪುರಾಣವನ್ನು. ನಮ್ಮ ಕಡೆ ಶ್ರಾವಣ ಬಂತೆಂದರೆ ಮಠದಲ್ಲಿ, ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಷಟ್ಪದಿಯನ್ನು ರಾಗವಾಗಿ ಓದುತ್ತಾರೆ, ನಿಲ್ಲಿಸುತ್ತಾರೆ. ಇನ್ನೊಬ್ಬರು ಅದರ ಅರ್ಥ ಬಿಡಿಸುತ್ತಾರೆ, ಕಠಿಣ ಪದವನ್ನು ಮನೆಮಾತಿಗೆ ಇಳಿಸುತ್ತಾರೆ, ಅತ್ತೆ ಸೊಸೆಯರ ಜಗಳವನ್ನೋ ಸಾಲದ ಕಾಟವನ್ನೋ ತಂದು ಅಲ್ಲಿಗೆ ಜೋಡಿಸುತ್ತಾರೆ, ಎದುರಿಗೆ ಕೂತವರನ್ನು ‘ಏನಂತೀರಿ?’ ಎಂದು ಕೇಳುತ್ತಾರೆ. ಮತ್ತೆ ಓದು ಮುಂದುವರಿಯುತ್ತದೆ. ಅಕ್ಷರ ಬಾರದ ಮುದುಕಿಯೂ ಹಳೆಗನ್ನಡದ ನೆರಳಿರುವ ಪದ್ಯದ ಅರ್ಥ ಹಿಡಿದು ಮನೆಗೆ ಹೋಗುತ್ತಾಳೆ. ಶಿಕ್ಷಣತಜ್ಞರು ಇಂದು ಮಕ್ಕಳಿಗೆ ‘ಸಂವಾದದ ಓದು’ ಎಂದು ಶಿಫಾರಸು ಮಾಡುವುದು ಹೆಚ್ಚುಕಡಿಮೆ ಇದನ್ನೇ: ಓದು, ನಿಲ್ಲಿಸು, ಕೇಳು, ಬಾಳಿಗೆ ಜೋಡಿಸು, ಮುಂದೆ ಹೋಗು. ಪುಟ್ಟ ಮಕ್ಕಳ ತಂದೆತಾಯಿಗಳಿಗೆ ಈ ರೀತಿ ಕಲಿಸಿ ಒಂದು ತಿಂಗಳು ಮಾಡಿಸಿದಾಗ ಮಕ್ಕಳ ಮಾತಿನ ಶಕ್ತಿ ಎದ್ದು ಕಾಣುವಷ್ಟು ಮುಂದೆ ಹೋಗಿತ್ತು ಎಂದು ನ್ಯೂಯಾರ್ಕ್ ಕಡೆಯ ಅಧ್ಯಯನವೊಂದು ಹೇಳುತ್ತದೆ. ಅದೂ 1988ರದ್ದೇ. ಓದಿನ ಸಂಶೋಧನೆಗೆ ಅದು ಸುಗ್ಗಿಯ ವರ್ಷವಾಗಿರಬೇಕು.

ತಾಯಿಗೆ ಓದಲು ಬಾರದಿದ್ದರೆ? ಆಗ ಪಾತ್ರಗಳು ಅದಲುಬದಲಾಗುತ್ತವೆ, ಅಷ್ಟೇ. ಮಗಳು ಓದುತ್ತಾಳೆ, ಅವ್ವ ಕೇಳುತ್ತಾಳೆ, ಅಡ್ಡ ಪ್ರಶ್ನೆ ಹಾಕುತ್ತಾಳೆ. ‘ಅವನು ಹಾಗೇಕೆ ಮಾಡಿದ? ನೀನಾಗಿದ್ದರೆ ಏನು ಮಾಡುತ್ತಿದ್ದೆ?’ ಎಂದು ಕೇಳಲು ಅಕ್ಷರ ಬೇಕಿಲ್ಲ. ಪದ್ಯವಾದರೆ ಅವ್ವನ ಕೈ ಇನ್ನೂ ಮೇಲಾಗಬಹುದು. ಇಂಡಿ ಸೀಮೆಯ ‘ಹಲಸಂಗಿ ಗೆಳೆಯರು’ ಎಂಬ ಬಳಗದವರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಅದರಲ್ಲಿರುವುದು ಪಂಡಿತರ ಪದ್ಯವಲ್ಲ, ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿಕೊಂಡ ತ್ರಿಪದಿಗಳು. ಅಂಥ ಪುಸ್ತಕದಿಂದ ಮೊಮ್ಮಗಳು ಎರಡು ಸಾಲು ಓದಿದರೆ ಮೂರನೆಯ ಸಾಲನ್ನು ಆಯಿಯೇ ಎತ್ತಿಕೊಳ್ಳುವ ಮನೆಗಳು ಈ ಜಿಲ್ಲೆಯಲ್ಲಿ ಇನ್ನೂ ಇವೆ. ಪದ್ಯವನ್ನು ಕಣ್ಣಿನಿಂದ ಓದಿ ಸಾರಾಂಶ ಬರೆಸುವುದು ಶಾಲೆಯ ಅಭ್ಯಾಸ. ಮನೆಯಲ್ಲಿ ಅದನ್ನು ಬಾಯಿಂದ ಓದಬೇಕು, ಅರ್ಥ ತಡವಾಗಿ ಬಂದರೂ ಅಡ್ಡಿಯಿಲ್ಲ.

ನಾಟಕದ ಪುಸ್ತಕವನ್ನು ಯಾರೂ ಓದಿನ ಲೆಕ್ಕಕ್ಕೆ ಹಿಡಿಯುವುದಿಲ್ಲ, ನನಗೆ ಅದು ಸೋಜಿಗ. ಬಾಗಲಕೋಟೆ, ವಿಜಯಪುರದ ಹಳ್ಳಿಗಳಲ್ಲಿ ಜಾತ್ರೆಯ ನಾಟಕಕ್ಕೆ ತಾಲೀಮು ನಡೆಯುವುದನ್ನು ನೋಡಿದವರಿಗೆ ಗೊತ್ತು: ಶಾಲೆ ಬಿಟ್ಟು ವರ್ಷಗಳಾದ ಹುಡುಗ ತನ್ನ ಪಾತ್ರದ ಮಾತನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಹೊಲದಲ್ಲಿ, ಬಸ್‌ ನಿಲ್ದಾಣದಲ್ಲಿ, ದನದ ಕೊಟ್ಟಿಗೆಯಲ್ಲಿ ಓದುತ್ತಿರುತ್ತಾನೆ. ಒಂದೇ ಸಂಭಾಷಣೆಯನ್ನು ನೂರು ಸಲ, ಪ್ರತಿಸಲವೂ ಇನ್ನಷ್ಟು ಚೆನ್ನಾಗಿ, ಎಲ್ಲಿ ನಿಲ್ಲಬೇಕು, ಯಾವ ಪದದ ಮೇಲೆ ಒತ್ತು ಹಾಕಬೇಕು ಎಂದು ಯೋಚಿಸುತ್ತ. ಓದಿನ ಓಟವನ್ನು ಬೆಳೆಸಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ, ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಹೊರದೇಶದ ಶಾಲೆಗಳಲ್ಲಿ ನಾಟಕ ಓದಿಸುವ ಕ್ರಮವೇ ಇದೆ. ಮನೆಯಲ್ಲಿ ಮೂರು ಜನರಿದ್ದರೆ ಮಕ್ಕಳ ನಾಟಕದ ಒಂದು ದೃಶ್ಯಕ್ಕೆ ಸಾಕು. ದೊಡ್ಡವರು ಕೆಟ್ಟದಾಗಿ ಅಭಿನಯಿಸಿದಷ್ಟೂ ಮಕ್ಕಳಿಗೆ ಹುರುಪು.

ಈಗ ಇದಕ್ಕೆ ಪೂರ್ತಿ ವಿರುದ್ಧವಾದ ಪುಸ್ತಕಕ್ಕೆ ಬರುತ್ತೇನೆ, ಕೈಪಿಡಿಗೆ. ತಿಕೋಟಾ ಸುತ್ತಿನ ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ ಕಾದಂಬರಿ ಇಲ್ಲದಿರಬಹುದು, ಕೃಷಿ ಅಥವಾ ತೋಟಗಾರಿಕೆ ವಿಶ್ವವಿದ್ಯಾಲಯದ ಒಂದಾದರೂ ಪುಸ್ತಿಕೆ ಇರುತ್ತದೆ. ಅದರಲ್ಲಿ ಬೂಜುತುಪ್ಪಟ ರೋಗಕ್ಕೆ ಶೇ 1ರ ಬೋರ್ಡೋ ದ್ರಾವಣ ಎಂದು ಬರುತ್ತದೆ. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಇದೇ ದ್ರಾಕ್ಷಿಯ ಇದೇ ರೋಗಕ್ಕೆಂದು ಕಂಡುಕೊಂಡ ಔಷಧ ಅದು. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಇಷ್ಟನ್ನೇ ಓದಿ ಪುಸ್ತಕ ಮಡಚಿದವನು ಮೂರನ್ನೂ ಒಟ್ಟಿಗೆ ಕಲಸಿ ಬಳ್ಳಿ ಸುಟ್ಟುಕೊಳ್ಳುತ್ತಾನೆ. ಮುಂದಿನ ಸಾಲುಗಳಲ್ಲಿದೆ ಜೀವ. ಮೈಲುತುತ್ತವನ್ನು 50 ಲೀಟರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆಯಾಗಿ ಕರಗಿಸಬೇಕು. ಪಾತ್ರೆ ಪ್ಲಾಸ್ಟಿಕ್ಕಿನದೋ ಮಣ್ಣಿನದೋ ಆಗಬಹುದು, ಕಬ್ಬಿಣದ್ದು ಬೇಡ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು, ಹಿಂದುಮುಂದಾಗಬಾರದು. ಕೊನೆಗೆ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ನೋಡಬೇಕು. ಅಲಗಿನ ಮೇಲೆ ಕೆಂಪು ಲೇಪ ಕೂತಿದ್ದರೆ ತಾಮ್ರ ಇನ್ನೂ ಬಿಡಿಯಾಗಿದೆ ಎಂದರ್ಥ, ಸುಣ್ಣದ ನೀರು ಮತ್ತಷ್ಟು ಬೇಕು.

ಕಾದಂಬರಿಯಲ್ಲಿ ಒಂದು ಸಾಲು ಹಾರಿಸಿದರೆ ಕತೆಗೆ ಏನೂ ಆಗುವುದಿಲ್ಲ. ಇಲ್ಲಿ ‘ಬೇರೆ ಬೇರೆಯಾಗಿ’ ಎಂಬ ಪದ ಹಾರಿಸಿದರೆ ತೋಟಕ್ಕೆ ಪೆಟ್ಟು. ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ, ಪರಿವಿಡಿ ಹುಡುಕಿ ಬೇಕಾದ ಪುಟಕ್ಕೆ ಹೋಗುತ್ತೇವೆ. ಆದರೆ ಹೋದ ಪುಟದಲ್ಲಿ ಪ್ರತಿ ಪದದ ಮೇಲೂ ನಿಲ್ಲುತ್ತೇವೆ. ಕಾನೂನಿನ ಕಲಮು, ಬ್ಯಾಂಕಿನ ಕರಾರುಪತ್ರ, ಔಷಧದ ಚೀಟಿ, ಪರೀಕ್ಷೆಯ ಸೂಚನೆ ಎಲ್ಲವನ್ನೂ ಓದಬೇಕಾದದ್ದು ಹೀಗೆಯೇ. ಮನೆಯ ಕಲಿಕೆಗೂ ಇದಕ್ಕಿಂತ ಒಳ್ಳೆಯ ಪಾಠ ಸಿಗದು: ಮಗ ಗಟ್ಟಿಯಾಗಿ ಓದಲಿ, ಅಪ್ಪ ಅಳತೆ ಮಾಡಲಿ. 100 ಲೀಟರಿಗೆ ಒಂದು ಕಿಲೋ ಆದರೆ 15 ಲೀಟರಿನ ಪಂಪಿಗೆ ಎಷ್ಟು? 150 ಗ್ರಾಂ ಎಂದು ಹುಡುಗ ತಾನೇ ಲೆಕ್ಕ ಹಾಕಿದ ದಿನ ಶೇಕಡಾವಾರು ಎಂಬುದು ಗಣಿತ ಪುಸ್ತಕದಿಂದ ಇಳಿದು ತೋಟಕ್ಕೆ ಬಂದಿರುತ್ತದೆ. (ಸುರಿಯುವ, ಸಿಂಪಡಿಸುವ ಕೆಲಸ ಮಾತ್ರ ದೊಡ್ಡವರದೇ.) ಅಡುಗೆ ಪುಸ್ತಕ, ಹೊಲಿಗೆಯ ಅಳತೆಪುಸ್ತಕ, ಮೋಟಾರು ರಿಪೇರಿಯ ಪುಸ್ತಿಕೆ ಎಲ್ಲವೂ ಇದೇ ಕುಲದವು.

ವ್ಯಕ್ತಿತ್ವ ವಿಕಸನದ ಪುಸ್ತಕಗಳ ಬಗ್ಗೆ ನನಗೆ ಅಷ್ಟು ಆದರವಿಲ್ಲ, ಬಚ್ಚಿಡುವುದೇಕೆ. ಬಹುಪಾಲು ಪುಸ್ತಕಗಳಲ್ಲಿ ಹತ್ತು ಪುಟದ ಮಾತನ್ನು ಇನ್ನೂರು ಪುಟಕ್ಕೆ ಹಿಗ್ಗಿಸಿರುತ್ತಾರೆ. ನಸುಕಿನಲ್ಲಿ ಎದ್ದು ಗೆದ್ದವನ ಕಥೆ ಅದರಲ್ಲಿರುತ್ತದೆ, ನಸುಕಿನಲ್ಲೇ ಎದ್ದು ಸೋತವನು ಪುಸ್ತಕ ಬರೆಯುವುದಿಲ್ಲವಾದ್ದರಿಂದ ಅವನ ಕಥೆ ನಮಗೆ ಸಿಗುವುದಿಲ್ಲ. ಗೆದ್ದವರನ್ನಷ್ಟೇ ನೋಡಿ ಗೆಲುವಿನ ಕಾರಣ ಹೇಳುವುದು ಲೆಕ್ಕದ ತಪ್ಪು. ಹಾಗೆಂದು ಎಲ್ಲವನ್ನೂ ತಳ್ಳಿಹಾಕುವಂತಿಲ್ಲ. ನಾಳೆ ಬೆಳಿಗ್ಗೆ ಮಾಡಿ ನೋಡಬಹುದಾದ ಒಂದು ನಿರ್ದಿಷ್ಟ ಕೆಲಸ ಹೇಳಿಕೊಡುವ ಪುಸ್ತಕ (ಖರ್ಚು ಬರೆದಿಡುವುದು ಹೇಗೆ, ನಾಲ್ಕು ಜನರೆದುರು ಮಾತಾಡುವುದು ಹೇಗೆ) ಉಪಯೋಗಕ್ಕೆ ಬರುತ್ತದೆ. ಅದನ್ನು ಕೈಪಿಡಿಯಂತೆ ಓದಬೇಕು. ಓದಿ ಮುಗಿಸಿದಾಗ ಮೈಯಲ್ಲಿ ಉಬ್ಬಿಬರುವ ಹುರುಪನ್ನೇ ಬದಲಾವಣೆ ಎಂದು ತಿಳಿದರೆ ಮುಂದಿನ ವಾರ ಇನ್ನೊಂದು ಪುಸ್ತಕ ಕೊಳ್ಳಬೇಕಾಗುತ್ತದೆ.

ಅವುಗಳಿಗಿಂತ ನನಗೆ ಜೀವನಚರಿತ್ರೆ ಮೇಲು, ಅದೂ ಸೋಲು, ಸಾಲ, ಜಗಳಗಳನ್ನು ಮುಚ್ಚಿಡದ ಜೀವನಚರಿತ್ರೆ. ಇದೇ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರನ್ನು ತೆಗೆದುಕೊಳ್ಳಿ. ‘ವಚನ ಪಿತಾಮಹ’ ಎಂಬ ಬಿರುದಿನಿಂದ ಶುರುಮಾಡಿದರೆ ಮಗುವಿಗೆ ಸಿಗುವುದು ಒಂದು ಅಂಕದ ಉತ್ತರ. ವಚನಗಳ ತಾಳೆಗರಿ ಹುಡುಕುತ್ತ ಮನೆಮನೆ, ಮಠಮಠ ಅಲೆದದ್ದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದದ್ದು, 1925ರಲ್ಲಿ ತಾವೇ ಹಿತಚಿಂತಕ ಮುದ್ರಣಾಲಯ ಹಾಕಿದ್ದು, ಅದಕ್ಕಾಗಿ ಮನೆ ಮಾರಿದ್ದು, ಮರುವರ್ಷ ‘ಶಿವಾನುಭವ’ ಪತ್ರಿಕೆ ತೆಗೆದದ್ದು, ಇವನ್ನು ಒಂದೊಂದಾಗಿ ಓದಿದರೆ ಬೇರೆಯದೇ ಪ್ರಶ್ನೆಗಳು ಏಳುತ್ತವೆ. ಮನೆ ಮಾರುವಾಗ ಹೆಂಡತಿ ಮಕ್ಕಳು ಏನೆಂದಿರಬೇಕು? ನಡೆಯುತ್ತಿದ್ದ ವಕೀಲಿಯನ್ನು ಹಿಂದಕ್ಕೆ ಸರಿಸಿ ಅಕ್ಷರದ ಮೊಳೆ ಜೋಡಿಸಲು ಕೂತವರು ಲೆಕ್ಕ ಬಾರದವರೇನಲ್ಲ, ಸಿದ್ಧೇಶ್ವರ ಬ್ಯಾಂಕು, ಬಿಎಲ್‌ಡಿಇ ಶಿಕ್ಷಣ ಸಂಸ್ಥೆ ಕಟ್ಟುವುದರಲ್ಲೂ ಅವರ ಕೈ ಇತ್ತು. ಹಾಗಾದರೆ ಯಾವ ಲೆಕ್ಕ ಹಾಕಿ ಈ ಹಾದಿ ಹಿಡಿದರು? ಇಂಥ ಪ್ರಶ್ನೆ ಏಳಿಸದ ಜೀವನಚರಿತ್ರೆ ಅಭಿನಂದನಾ ಪತ್ರವಷ್ಟೇ.

ಕಥೆ, ಕಾದಂಬರಿಗಳು ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತವೆ ಎಂದು ಹೇಳುವ ರೂಢಿಯಿದೆ. ಸಾಹಿತ್ಯ ಕೃತಿಯ ಒಂದು ತುಣುಕು ಓದಿದ ತಕ್ಷಣ ಇತರರ ಭಾವನೆ ಗುರುತಿಸುವ ಶಕ್ತಿ ಹೆಚ್ಚುತ್ತದೆ ಎಂದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಸಂಶೋಧನೆ ಬಂದು ಜಗತ್ತಿನಾದ್ಯಂತ ಸುದ್ದಿಯಾಯಿತು. ಬೇರೆಯವರು ಅದೇ ಪ್ರಯೋಗ ಮಾಡಿ 2018ರಲ್ಲಿ ಪ್ರಕಟಿಸಿದಾಗ ಆ ಫಲಿತಾಂಶ ಬರಲಿಲ್ಲ. ಬಾರದಿದ್ದುದು ನನಗೇನೂ ಆಶ್ಚರ್ಯವಲ್ಲ. ಕಾದಂಬರಿ ಓದಿದವರೆಲ್ಲ ಸಜ್ಜನರಾಗಿದ್ದರೆ ನಮ್ಮ ಸಾಹಿತಿಗಳಲ್ಲಿ ಗುಂಪುಗಾರಿಕೆಯೇ ಇರುತ್ತಿರಲಿಲ್ಲ. ಕಾದಂಬರಿ ಖಂಡಿತವಾಗಿ ಕೊಡುವುದು ಬೇರೆ. ಹತ್ತು ಪಾತ್ರಗಳ ಹೆಸರು, ಅವರವರ ಸಂಬಂಧ, ಯಾರಿಗೆ ಏನು ಗೊತ್ತಿದೆ, ಯಾರಿಗೆ ಗೊತ್ತಿಲ್ಲ ಎಂಬುದನ್ನೆಲ್ಲ ಮುನ್ನೂರು ಪುಟ ತಲೆಯಲ್ಲಿ ಹೊತ್ತು ನಡೆಯುವ ತಾಳ್ಮೆ ಅದರಿಂದ ಬರುತ್ತದೆ. ಮೊಬೈಲಿನ ತುಣುಕು ವಿಡಿಯೊಗಳಿಂದ ಆ ತಾಳ್ಮೆ ಬರುವುದಿಲ್ಲ, ಒಂದಂಕದ ಪ್ರಶ್ನೋತ್ತರಗಳಿಂದಲೂ ಬರುವುದಿಲ್ಲ.

ಬರೀ ಮೋಜಿಗೆ ಓದುವ ಪುಸ್ತಕಗಳ ಪಾಡು ಇನ್ನೂ ಕೆಟ್ಟದ್ದು. ಪತ್ತೇದಾರಿ, ನಗೆಹನಿ, ಕಾಮಿಕ್ಸ್, ವಾರಪತ್ರಿಕೆಯ ಧಾರಾವಾಹಿ ಇವನ್ನು ಓದುವ ಮಗುವಿಗೆ ‘ಅದನ್ನು ಬಿಟ್ಟು ಪುಸ್ತಕ ಹಿಡಿ’ ಎನ್ನುತ್ತಾರೆ! ಓದಿನ ವೇಗ ಬರುವುದು ಓದಿದ ಪುಟಗಳ ರಾಶಿಯಿಂದ. ರಾಶಿಗಟ್ಟಲೆ ಪುಟ ಓದಿಸುವ ಶಕ್ತಿ ‘ಮುಂದೇನಾಯಿತು?’ ಎಂಬ ಕುತೂಹಲಕ್ಕೆ ಇರುವಷ್ಟು ಬೇರಾವುದಕ್ಕೂ ಇಲ್ಲ. ಅದೇ ಪತ್ತೇದಾರ, ಅದೇ ಸಹಾಯಕ ಬರುವ ಮಾಲಿಕೆಗಳು ಹೊಸ ಓದುಗನಿಗೆ ಹೇಳಿ ಮಾಡಿಸಿದಂಥವು, ಪಾತ್ರಗಳು ಪರಿಚಿತವಾದ್ದರಿಂದ ಮನಸ್ಸೆಲ್ಲ ಕಥೆಯ ಓಟದ ಮೇಲೇ ಇರುತ್ತದೆ. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ ಮಾಸಪತ್ರಿಕೆ ಈ ಗುಟ್ಟನ್ನು ಅರಿತಿತ್ತು. ವಿಜ್ಞಾನದ ಲೇಖನ, ನಗೆಹನಿ, ಪದಗಳ ಚರ್ಚೆ, ಕಥೆ, ಕೊನೆಗೆ ಒಂದಿಡೀ ಪುಸ್ತಕದ ಸಂಗ್ರಹ, ಎಲ್ಲ ಒಂದೇ ರಟ್ಟಿನೊಳಗೆ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಹಳೆಯ ಸಂಚಿಕೆಗಳನ್ನು ಹೊಲಿದು ಕಟ್ಟು ಮಾಡಿಟ್ಟಿರುತ್ತಿದ್ದರು. ರಜೆಯಲ್ಲಿ ಬಂದ ಮಕ್ಕಳು ನಗೆಹನಿಗೆಂದು ತೆರೆದು ವಿಜ್ಞಾನದಲ್ಲಿ ಸಿಕ್ಕಿಬೀಳುತ್ತಿದ್ದರು.

ಕೊನೆಗೆ ಗೈಡು. ಅದನ್ನೂ ಸರಿಯಾಗಿ ಓದುವವರು ಕಡಿಮೆ. ಅಮೆರಿಕದ ಸೇಂಟ್ ಲೂಯಿಸ್‌ನ ಇಬ್ಬರು ಮನಃಶಾಸ್ತ್ರಜ್ಞರು 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ ಇಲ್ಲಿ ನೆನಪಿಡಬೇಕಾದದ್ದು. ಅವರು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು. ಇನ್ನೊಂದನ್ನು ಒಮ್ಮೆ ಓದಿ, ಪುಟ ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ಒಂದು ವಾರದ ನಂತರ ಕೇಳಿದಾಗ ಎರಡು ಸಲ ಓದಿದ್ದರಲ್ಲಿ ನೆನಪಿದ್ದದ್ದು ಶೇ 42, ಮುಚ್ಚಿ ಬರೆದದ್ದರಲ್ಲಿ ಶೇ 56. ಎರಡನೇ ಓದಿನಲ್ಲಿ ಎಲ್ಲವೂ ಪರಿಚಿತವೆನಿಸುತ್ತದೆ, ಆ ಪರಿಚಯವನ್ನೇ ನಾವು ಕಲಿಕೆಯೆಂದು ಭ್ರಮಿಸುತ್ತೇವೆ. ನೆನಪು ಗಟ್ಟಿಯಾಗುವುದು ಒಳಗೆ ಹಾಕಿದಾಗಲ್ಲ, ಹೊರಗೆ ಎಳೆದಾಗ. ಈ ದೃಷ್ಟಿಯಿಂದ ಗೈಡು ಉತ್ತಮ ಸಾಧನ, ಏಕೆಂದರೆ ಪ್ರಶ್ನೆಗಳು ಸಿದ್ಧವಾಗಿಯೇ ಇವೆ. ನಾವು ಮಾಡುವ ಎಡವಟ್ಟೆಂದರೆ ಪ್ರಶ್ನೆಯನ್ನೂ ಉತ್ತರವನ್ನೂ ಒಟ್ಟಿಗೆ ಓದಿ, ಹಳದಿ ಬಣ್ಣ ಬಳಿದು, ಪುಟ ತಿರುಗಿಸುವುದು. ಉತ್ತರದ ಮೇಲೆ ಪೋಸ್ಟ್‌ಕಾರ್ಡ್ ಇಟ್ಟು ಓದಿದರೆ ಅದೇ ಗೈಡು ಇಮ್ಮಡಿ ಕೆಲಸ ಮಾಡುತ್ತದೆ. ಕಥೆಪುಸ್ತಕಕ್ಕೆ ಮಾತ್ರ ಈ ವಿಧಾನ ತರಬೇಡಿ. ಕಥೆ ಮುಗಿಸಿದ ಮಗುವಿಗೆ ಕೂಡಲೇ ಪ್ರಶ್ನೆ ಕೇಳಿ ಅಂಕ ಹಾಕಿದರೆ ಅದು ಮುಂದಿನ ಕಥೆ ಕೈಗೆತ್ತಿಕೊಳ್ಳುವುದಿಲ್ಲ. ಹರಟೆಯ ಪ್ರಶ್ನೆ ಬೇರೆ, ಪರೀಕ್ಷೆಯ ಪ್ರಶ್ನೆ ಬೇರೆ. ಮಕ್ಕಳಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಇಷ್ಟು ಬಗೆಯ ಪುಸ್ತಕ ಕೊಳ್ಳುವುದು ಎಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದೇ. ಎಲ್ಲವನ್ನೂ ಕೊಳ್ಳಬೇಕಿಲ್ಲ. ಮತ್ತೆ ಮತ್ತೆ ಬೇಕಾಗುವ ಚಿತ್ರಪುಸ್ತಕ, ನಿಘಂಟು, ಕೈಪಿಡಿ ಮನೆಯಲ್ಲಿರಲಿ, ಒಮ್ಮೆ ಓದಿ ಮುಗಿಯುವ ಕಾದಂಬರಿ, ಜೀವನಚರಿತ್ರೆ ಗ್ರಂಥಾಲಯದಿಂದ ಬರಲಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಸೇರಿರುತ್ತದೆ, ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ. ಅಂದರೆ ದುಡ್ಡು ಈಗಾಗಲೇ ಕೊಟ್ಟಾಗಿದೆ, ಪುಸ್ತಕ ತರುವುದಷ್ಟೇ ಬಾಕಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲು ಶುರುವಾಯಿತು. ಈಗ ಅವಕ್ಕೆ ಅರಿವು ಕೇಂದ್ರ ಎಂಬ ಹೆಸರೂ ಇದೆ. ನಮ್ಮ ಜಿಲ್ಲೆಗಳ ಎಷ್ಟೋ ಅರಿವು ಕೇಂದ್ರಗಳಲ್ಲಿ ಮಕ್ಕಳ ಪುಸ್ತಕದ ಕಪಾಟು ಪ್ರತ್ಯೇಕವಾಗಿಯೇ ಇರುತ್ತದೆ, ಕೆಲವು ಕಡೆ ಪುಸ್ತಕ ಹರಿದೀತೆಂದು ಬೀಗವೂ ಇರುತ್ತದೆ. ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಮೊದಲನೆಯದೇ ‘ಪುಸ್ತಕಗಳಿರುವುದು ಬಳಕೆಗೆ’ ಎಂದು.

ಕಪಾಟಿನಲ್ಲಿ ಗೈಡುಗಳೇ ತುಂಬಿದ್ದರೆ ಬೇಕಾದ ಪುಸ್ತಕಗಳ ಪಟ್ಟಿಯನ್ನು ಬರೆದು ಮೇಲ್ವಿಚಾರಕರಿಗೆ ಕೊಡಬಹುದು. ನಾಲ್ಕು ಮನೆಯವರು ಸಹಿ ಹಾಕಿ ಕೊಟ್ಟರೆ ಗ್ರಾಮಸಭೆಯಲ್ಲೂ ಎತ್ತಬಹುದು. ಮೊದಲ ಸಲ ಮಗುವನ್ನು ಕರೆದೊಯ್ದಾಗ ಆಯ್ಕೆ ಅದರದೇ ಆಗಿರಲಿ. ಹತ್ತು ಪುಟ ಓದಿ ಬೇಡವೆಂದರೆ ಮರಳಿಸಿ ಇನ್ನೊಂದು ತನ್ನಿ. ಅರ್ಧ ಓದಿದ ಪುಸ್ತಕ ಮರಳಿಸಿದರೆ ಯಾವ ಗ್ರಂಥಾಲಯವೂ ದಂಡ ಹಾಕುವುದಿಲ್ಲ, ತಡವಾದರೆ ಮಾತ್ರ ಹಾಕಬಹುದು.